ಟೋಕನ್ 212ರ ಮೂರನೇ ಜೊತೆ

ಮಧ್ಯಾಹ್ನ 1.40ಕ್ಕೆ ಇಬ್ಬರು ಹೆಂಗಸರು ಬರಿಗಾಲಲ್ಲಿ ಠಾಣೆಯ ಮೆಟ್ಟಿಲು ಹತ್ತಿದರು. ಕಿರಿಯವಳ ಮುಷ್ಟಿಯಲ್ಲಿ ಮಾತ್ರೆಯ ಪುಟ್ಟ ಡಬ್ಬಿ. ಹಿಂದೆ ಏದುಸಿರು ಬಿಡುತ್ತ ಬಂದವರು ಅವಳ ಅತ್ತೆ.

“ಮಗಳು ಕಾಣಿಸ್ತಿಲ್ಲ ಸಾರ್. ನಾಲ್ಕು ವರ್ಷ. ಕೆಂಪು ಫ್ರಾಕು.”

“ಎಲ್ಲಿ? ಎಷ್ಟು ಹೊತ್ತಿಗೆ?” ಇನ್ಸ್‌ಪೆಕ್ಟರ್ ಕೇಳಿದರು.

“ಸಂತರ ಸಮಾಧಿ ಮುಂದೆ. ಹನ್ನೆರಡೂಮುಕ್ಕಾಲು ಇರಬಹುದು.”

“ಇವಳಿಗೆ ಮೈಮೇಲೆ ಎಚ್ಚರ ಇದ್ರೆ ತಾನೇ! ಫೋನ್ ನೋಡ್ತಾ ನಿಂತಿರ್ತಾಳೆ,” ಅಂದರು ಅತ್ತೆ.

ಸೊಸೆ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. “ಆರು ಗಂಟೆಗೆ ಇದನ್ನ ಕೊಡಲೇಬೇಕು ಸಾರ್. ಒಂದು ಹೊತ್ತು ತಪ್ಪಿದ್ರೂ ಫಿಟ್ಸ್ ಬರತ್ತೆ. ಹೋದ ಸಲ ಎರಡು ದಿನ ಕಣ್ಣು ಬಿಟ್ಟಿರಲಿಲ್ಲ. ಅದು ವಾಸಿ ಆಗ್ಲಿ ಅಂತಾನೇ ಇಲ್ಲಿಗೆ ಬಂದ್ವಿ.”

ಇನ್ಸ್‌ಪೆಕ್ಟರ್ ಗೋಡೆ ಗಡಿಯಾರ ನೋಡಿದರು. 1.55ಕ್ಕೆ ಅಪಹರಣವೆಂದೇ ಎಫ್‌ಐಆರ್ ದಾಖಲಾಯಿತು. ಬಸ್ ನಿಲ್ದಾಣಕ್ಕೆ ನಾಲ್ವರು ಪೇದೆಗಳು, ರೈಲು ನಿಲ್ದಾಣಕ್ಕೆ ಇಬ್ಬರು, ಲಾಡ್ಜುಗಳಿಗೆ ದಫೇದಾರ. ಸಮಾಧಿ ಆವರಣದ ಮೈಕಿನಲ್ಲಿ ಐದು ನಿಮಿಷಕ್ಕೊಮ್ಮೆ ಮಗುವಿನ ಗುರುತು ಕೂಗಿಸಲಾಯಿತು.

2.30ಕ್ಕೆ ಕ್ಯಾಮೆರಾ ಕೋಣೆಯಲ್ಲಿ ದೃಶ್ಯ ಸಿಕ್ಕಿತು. ಮಗುವಿನ ಕೈ ಹಿಡಿದಿದ್ದವರು ಅತ್ತೆ. ಸಮಾಧಿಯ ಮುಂದೆ ಬಂದಾಗ ಅವರು ಆ ಕೈ ಬಿಟ್ಟು ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು. 12.53ಕ್ಕೆ ಮಗು ಹೊರಬಾಗಿಲಲ್ಲಿ ಒಂಟಿಯಾಗಿ ಕಂಡಿತು. ಕಾದ ಕಲ್ಲುಹಾಸಿನ ಮೇಲೆ ಕುಪ್ಪಳಿಸುತ್ತ ಬಲಕ್ಕೆ ಓಡಿತು. ಆ ಕಡೆ ಕ್ಯಾಮೆರಾ ಇರಲಿಲ್ಲ.

“ಕೈ ಮುಗಿಯೋಕೆ ಬಿಟ್ಟೆ,” ಅಂದರು ಅತ್ತೆ. ದನಿ ಅವರದೇ ಅನ್ನಿಸಲಿಲ್ಲ. “ಒಂದೇ ನಿಮಿಷ.”

ಸೊಸೆ ಕುರ್ಚಿ ಎಳೆದು ಕೊಟ್ಟಳು. “ಕೂತ್ಕೊಳ್ಳಿ ಅತ್ತೆ.”

4.10ರವರೆಗೆ ಎಲ್ಲಿಂದಲೂ ಸುಳಿವು ಬರಲಿಲ್ಲ. ದಫೇದಾರ ಬೆವರು ಒರೆಸುತ್ತ ಬಂದ. “ನಲವತ್ತು ಲಾಡ್ಜು ಜಾಲಾಡಿದ್ದಾಯ್ತು ಸಾರ್. ಇನ್ನು ಸಂತರನ್ನೇ ಎಬ್ಬಿಸಿ ಕೇಳ್ಬೇಕು.” ಯಾರೂ ನಗಲಿಲ್ಲ. ಅವನೂ ತಲೆ ತಗ್ಗಿಸಿದ.

ಇನ್ಸ್‌ಪೆಕ್ಟರರ ಕಣ್ಣು ತಾಯಿಯ ಪಾದದ ಮೇಲೆ ಬಿತ್ತು. ಬೊಬ್ಬೆ ಎದ್ದಿತ್ತು.

“ಚಪ್ಪಲಿ ಎಲ್ಲಮ್ಮ?”

“ಸ್ಟ್ಯಾಂಡಲ್ಲೇ ಇದೆ ಸಾರ್. ನೆನಪೇ ಆಗ್ಲಿಲ್ಲ.” ಅವಳು ಪರ್ಸಿನಿಂದ ಟೋಕನ್ ತೆಗೆದಳು. ನಂಬರ್ 212.

ಮಹಿಳಾ ಪೇದೆ ಹೋಗಿ ಎರಡು ಜೊತೆ ತಂದಳು.

“ಮಗಳದ್ದು?” ತಾಯಿ ಕೇಳಿದಳು. “ಹಳದಿ ಬಣ್ಣ. ಮೇಲೆ ಬಾತುಕೋಳಿ ಇದೆ.”

“ಇದ್ದಿದ್ದು ಇಷ್ಟೇ ಅಮ್ಮ.”

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡು ಎದ್ದರು. ಜೀಪಿನಲ್ಲಿ ದಫೇದಾರನಿಗೆ ಹೇಳಿದರು: “ಕದಿಯೋನು ಬಾಯಿ ಮುಚ್ಚಿ ಎತ್ಕೊಂಡು ಓಡ್ತಾನೆ. ಮಗು ಕಾಲು ಸುಡತ್ತೆ ಅಂತ ಚಪ್ಪಲಿ ಹುಡುಕಿ ತೊಡಿಸೋರು ಯಾರಯ್ಯ?”

ಚಪ್ಪಲಿ ಸ್ಟ್ಯಾಂಡಿನ ಮೇಸ್ತ್ರಿ ದೊಡ್ಡ ಮೀಸೆಯ ಆಸಾಮಿ. “ಟೋಕನ್ ಇಲ್ದೆ ನಮ್ಮಪ್ಪ ಬಂದ್ರೂ ಕೊಡಲ್ಲ ಸಾರ್.”

“ಹಾಗಾದ್ರೆ ಒಳಗಿನವರೇ ತೆಗೆದಿದ್ದಾರೆ. ಈ ಸಾಲು ಯಾರು ನೋಡ್ಕೊಳ್ಳೋದು?”

“ಅಕ್ಕ. ನಾವೆಲ್ಲ ಹಾಗೇ ಕರೆಯೋದು. ಒಂದು ಗಂಟೆಗೆ ತಲೆನೋವು ಅಂತ ಹೋದ್ಲು.” ಮೇಸ್ತ್ರಿಯ ಕೈ ಮೀಸೆಯ ಮೇಲೇ ನಿಂತಿತು. “ಏಳು ವರ್ಷದಲ್ಲಿ ಒಂದು ದಿನ ರಜ ಹಾಕಿದೋಳಲ್ಲ ಸಾರ್.”

“ಮಕ್ಕಳು?”

“ಇಲ್ಲ.”

ಅಕ್ಕನ ಕೋಣೆ ಸಮಾಧಿಯ ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯ ಮಹಡಿಯಲ್ಲಿತ್ತು; ಮೈಕಿನ ಕೂಗು ಅಲ್ಲಿಗೂ ಕೇಳುತ್ತಿತ್ತು. 5.05. ಬಾಗಿಲಿಗೆ ಬೀಗ. ಕಿಟಕಿಯಿಂದ ಒಳಗೆ ಕಟ್ಟಿದ ಹಗ್ಗ ಕಾಣುತ್ತಿತ್ತು. ಅದರ ಮೇಲೆ ಒಗೆದು ಹಿಂಡಿ ಹರವಿದ ಕೆಂಪು ಫ್ರಾಕು.

“ಈಗ ತಾನೇ ಹೋದ್ರಲ್ಲ,” ಅಂದ ಇಸ್ತ್ರಿಯವನು. “ತಂಗಿ ಮಗಳಂತೆ. ಹೊಸ ನೀಲಿ ಫ್ರಾಕು ಹಾಕಿಸಿದ್ರು. ಊರಿನ ಬಸ್ಸಿಗೆ ಅಂದ್ರು.”

ಬಸ್ ನಿಲ್ದಾಣದ ಪೇದೆಗಳು ಮಧ್ಯಾಹ್ನ ಎರಡರಿಂದ ಕೆಂಪು ಫ್ರಾಕಿನ, ಅಳುವ ಮಗುವನ್ನು ಹುಡುಕುತ್ತಿದ್ದರು. ಇನ್ಸ್‌ಪೆಕ್ಟರ್ ವೈರ್‌ಲೆಸ್ ಎತ್ತಿಕೊಂಡರು. “ಬಟ್ಟೆ ನೋಡ್ಬೇಡಿ, ಕಾಲು ನೋಡಿ. ಹಳದಿ ಚಪ್ಪಲಿ, ಬಾತುಕೋಳಿ. ಒಂದು ಬಸ್ಸೂ ಕದಲಬಾರದು.” ನಂತರ ಠಾಣೆಗೆ: “ತಾಯಿನ ನಿಲ್ದಾಣಕ್ಕೆ ಕರ್ಕೊಂಡು ಬನ್ನಿ. ಮಾತ್ರೆ ಡಬ್ಬಿ ಮರೀಬೇಡಿ.”

5.25ಕ್ಕೆ ಎರಡು ಬಸ್ಸು ನೋಡಿ ಮುಗಿದಿತ್ತು. 5.34ಕ್ಕೆ ಆರು. ಚಾಲಕರು ಹಾರ್ನ್ ಒತ್ತುತ್ತಿದ್ದರು, ಪ್ರಯಾಣಿಕರು ಬೈಯುತ್ತಿದ್ದರು. 5.41ಕ್ಕೆ, ಎಂಜಿನ್ ಗುರುಗುಡುತ್ತಿದ್ದ ಏಳನೇ ಬಸ್ಸಿನ ಕಿಟಕಿಯ ಬದಿ ಸೀಟಿನಲ್ಲಿ, ಎರಡು ಬಾತುಕೋಳಿಗಳು ತೂಗಾಡುತ್ತಿದ್ದವು. ತಲೆ ನೀಟಾಗಿ ಬಾಚಿಸಿಕೊಂಡ ಮಗು ಬಿಸ್ಕತ್ತು ತಿನ್ನುತ್ತಿತ್ತು. ಪಕ್ಕದ ಹೆಂಗಸು ಮಹಿಳಾ ಪೇದೆಯನ್ನು ನೋಡಿದಳು. ಓಡಲಿಲ್ಲ. ಮಗುವಿನ ಬಾಯಂಚಿನ ಪುಡಿಯನ್ನು ಒರೆಸಿ, ಎದ್ದು ನಿಂತಳು.

5.52ಕ್ಕೆ ತಾಯಿ ಮಾತ್ರೆ ನುಂಗಿಸಿದಳು.

ಠಾಣೆಯಲ್ಲಿ ರೈಟರ್ ಅಕ್ಕನ ಹೇಳಿಕೆ ಬರೆದುಕೊಂಡ.

“ಮಾತ್ರೆ ವಿಷಯ ಗೊತ್ತಿತ್ತಾ?” ಇನ್ಸ್‌ಪೆಕ್ಟರ್ ಕೇಳಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು. ತಪ್ಪಿದ್ದರೆ ಏನಾಗುತ್ತಿತ್ತೆಂದು ಅವರು ಹೇಳಿದರು. “ಎಷ್ಟು ಗಂಟೆಗೆ ಕೊಡ್ಬೇಕಿತ್ತು?” ಎಂದು ಎರಡು ಸಲ ಕೇಳಿದಳು.

“ಯಾಕೆ ಕರ್ಕೊಂಡು ಹೋದೆ?”

“ಒಂಬತ್ತು ವರ್ಷ ಸಂತರ ಹತ್ರ ಮಗು ಬೇಡ್ಕೊಂಡೆ ಸಾರ್. ಗಂಡ ಸಾಕಾಗಿ ಊರಿಗೆ ಹೋದ್ರು, ನಾನು ಇಲ್ಲೇ ಉಳಿದೆ. ದಿನಾ ಎಷ್ಟೋ ಮಕ್ಕಳ ಚಪ್ಪಲಿ ಎತ್ತಿಡ್ತೀನಿ, ವಾಪಸ್ ಕೊಡ್ತೀನಿ. ಇವತ್ತು ಈ ಮಗು ಒಂಟಿಯಾಗಿ ಬಂತು. ಕಾಲು ಸುಡ್ತಿದೆ ಅಂತ ನನ್ನ ಬೆರಳು ಹಿಡ್ಕೊಳ್ತು. ಚಪ್ಪಲಿ ತೋರಿಸ್ತು, ತೊಡಿಸಿದೆ. ಸುತ್ತಮುತ್ತ ನೋಡಿದೆ. ಯಾರೂ ಇರ್ಲಿಲ್ಲ. ಕೊನೆಗೂ ಕೊಟ್ರು ಅನ್ಕೊಂಡೆ.”

“ಮೈಕಲ್ಲಿ ಕೂಗಿದ್ದು ಕೇಳಿಸ್ಲಿಲ್ವಾ?”

ರೈಟರ್ ತಲೆ ಎತ್ತಿ ಕಾದ.

“ಕೇಳಿಸ್ತು,” ಅಂದಳು.

6.40ಕ್ಕೆ ಬಂಧನ ದಾಖಲಾಯಿತು. ಪಂಚರ ಸಮಕ್ಷಮ ಹಳದಿ ಚಪ್ಪಲಿ ಒಂದು ಜೊತೆ ಜಪ್ತಿಯಾಗಿ, ಪಂಚನಾಮೆಗೆ ಸೇರಿತು. ಮಗು ಬರಿಗಾಲಲ್ಲಿ ಬೆಂಚಿನ ಮೇಲೆ ನಿಂತಿತ್ತು.

“ಅಂಗಳ ಇನ್ನೂ ಕಾದಿರತ್ತೆ ಸಾರ್,” ಅಂದಳು ಅಕ್ಕ, ಯಾರನ್ನೂ ನೋಡದೆ. “ಮಗೂನ ನಡೆಸ್ಬೇಡಿ ಅನ್ನಿ.”

ಇನ್ಸ್‌ಪೆಕ್ಟರ್ ತಿರುಗಿ ನೋಡಿದರು. ಅತ್ತೆ ಆಗಲೇ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲು ದಾಟಿದ್ದರು, ಎರಡೂ ಕೈಯಲ್ಲಿ ತಬ್ಬಿ ಹಿಡಿದು.