ಮುಗಿಯದ ಹತ್ತು ನಿಮಿಷ

"ನಿಮ್ಮ ಗಡಿಯಾರ ಕೆಟ್ಟಿದೆ ಮೇಡಂ."

ಸೋಮವಾರ ಬೆಳಗ್ಗೆ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕುಳಿತ ನನಗೆ ಬಂದ ಮೊದಲ ದೂರು ಇದು. ನಮ್ಮ ಕಂಪನಿ ಮಾರುವುದು ಸ್ಮಾರ್ಟ್‌ಫೋನು, ಅದರೊಳಗೆ ಮೊದಲೇ ತುಂಬಿಟ್ಟ ಗೇಮುಗಳು. ಗೇಮುಗಳಿಗೆ ಚಿತ್ರ ಬರೆಯುವ ನನ್ನಂಥವರೂ ವರ್ಷಕ್ಕೊಂದು ವಾರ ಮಹಡಿಯಿಂದ ಇಳಿದು ಬಂದು ಗ್ರಾಹಕರಿಂದ ಬೈಸಿಕೊಳ್ಳಬೇಕು, ಅದು ಇಲ್ಲಿನ ನಿಯಮ. ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಇಷ್ಟು ಮೆತ್ತಗೆ ಮಾತಾಡುವವನಿಗೆ ಸಿದ್ಧಳಾಗಿರಲಿಲ್ಲ.

ಅವನು ಮೊದಲು ಜೇಬಿನಿಂದ ಕರ್ಚೀಫು ತೆಗೆದು ಮೇಜಿನ ಮೇಲೆ ಹಾಸಿದ. ಆಮೇಲೆ ಅದರ ಮೇಲೆ ಫೋನಿಟ್ಟ. ಬಲಗಣ್ಣಿನ ಸುತ್ತ ಉಂಗುರದಂಥ ಮಸುಕು ಗುರುತು. ಕೈಗಡಿಯಾರ ರಿಪೇರಿ ಅವನ ಕೆಲಸವಂತೆ. ದಿನವಿಡೀ ಆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಾನಂತೆ.

"ಅಮ್ಮ ಈ ತೋಟದ ಗೇಮ್ ಆಡ್ತಾರೆ. 'ಅರ್ಧ ಬೆಲೆಗೆ ಬೀಜ, ಇನ್ನು ಹತ್ತೇ ನಿಮಿಷ' ಅಂತ ಕೆಂಪು ಗಡಿಯಾರ ಓಡುತ್ತಲ್ಲ, ಅದು ಸೊನ್ನೆಗೆ ಬಂದ್ಮೇಲೆ ನಿಲ್ಲಬೇಕು. ನಿಲ್ಲಲ್ಲ. ಮತ್ತೆ ಹತ್ತರಿಂದ ಶುರು. ಪಾಪ, ಅಮ್ಮ ಅದನ್ನ ನಂಬ್ಕೊಂಡು ಒಲೆ ಮೇಲಿನ ಹಾಲೂ ಮರೆತು ದುಡ್ಡು ಕೊಟ್ಟು ಕೊಂಡ್ಕೊಳ್ತಾರೆ."

ಆ ಕೆಂಪು ಅಂಕಿಗಳನ್ನು ಬರೆದವಳು ನಾನು. ಕೊನೆಯ ನಿಮಿಷಕ್ಕೆ ಟಿಕ್ ಟಿಕ್ ಸದ್ದು ಸೇರಿಸಿದವಳೂ ನಾನೇ. ಅದು ಕೆಟ್ಟಿರಲಿಲ್ಲ, ಎಂದೂ ಮುಗಿಯಬಾರದೆಂದೇ ಮಾಡಿದ್ದು. ಗಾಬರಿಯಾದವರು ಯೋಚಿಸದೆ ಕೊಳ್ಳುತ್ತಾರೆ, ಅಷ್ಟೇ ಉಪಾಯ.

"ನೋಡ್ತೀವಿ ಸರ್," ಎಂದೆ.

"ನಾಳೆ ಬರ್ಲಾ?"

ಬೇಡ ಎನ್ನಬೇಕಿತ್ತು. "ಬನ್ನಿ," ಎಂದುಬಿಟ್ಟೆ.

ಮಂಗಳವಾರ ಬಂದ. ಬುಧವಾರವೂ ಬಂದ, ಕೈಯಲ್ಲೊಂದು ನೋಟ್‌ಬುಕ್ ಹಿಡಿದು. ಗಡಿಯಾರ ಯಾವಾಗ ಸೊನ್ನೆಗೆ ಬಂತು, ಯಾವಾಗ ಮತ್ತೆ ಹತ್ತಾಯಿತು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ. ಕಾಸಿಗೆ ಬಾರದ ಕೆಲಸಕ್ಕೆ ಇಷ್ಟು ಶ್ರದ್ಧೆ ಇಡುವವನು ಇನ್ನುಳಿದ ವಿಷಯಗಳಲ್ಲಿ ಹೇಗಿರಬಹುದು ಎಂಬ ಕುತೂಹಲ ನನಗೆ. ಗುರುವಾರ ಉದ್ದನೆಯ ಓಲೆ ಹಾಕಿಕೊಂಡು ಹೊರಟೆ.

"ಬೈಸ್ಕೊಳ್ಳೋಕೆ ಹೋಗೋಳಿಗೆ ಇಷ್ಟು ಅಲಂಕಾರ ಯಾಕೇ?" ಎಂದಳು ಅಕ್ಕ.

"ಸುಮ್ನಿರೇ," ಎಂದೆ.

ಅವತ್ತು ಅವನು ಮುಚ್ಚಳ ಬಿಚ್ಚಿದ ಕೈಗಡಿಯಾರವೊಂದನ್ನು ಕರ್ಚೀಫಿನ ಮೇಲಿಟ್ಟು, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟ.

"ಇನ್ನೊಂದು ಕಣ್ಣು ಮುಚ್ಚಬೇಡಿ. ಎರಡೂ ತೆರೆದೇ ಇರ್ಲಿ."

ಒಳಗೆ ಕೂದಲೆಳೆಯಂಥ ಸ್ಪ್ರಿಂಗು ಅರಳಿ ಮುದುಡುತ್ತಿತ್ತು. ಬೆರಗಾಗಿ ತಲೆಯೆತ್ತಿದೆ. ಅವನ ಮುಖ ಗೇಣು ದೂರದಲ್ಲಿತ್ತು, ಒಂದು ಕಣ್ಣಿಗೆ ಮಂಜು ಮಂಜು, ಇನ್ನೊಂದಕ್ಕೆ ಸ್ಪಷ್ಟ. ಎರಡರಲ್ಲೂ ನಗುತ್ತಿದ್ದ. ಭೂತಗನ್ನಡಿ ವಾಪಸು ಕೊಡುವುದು ಸ್ವಲ್ಪ ತಡವಾಯಿತು.

ಶುಕ್ರವಾರ ಅವನು ನಗಲಿಲ್ಲ. ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟುಕೊಂಡು ಕುಳಿತ.

"ಕೆಟ್ಟ ಗಡಿಯಾರ ಒಂದೇ ಥರ ತಪ್ಪು ಮಾಡಲ್ಲ. ಇವತ್ತು ಎರಡು ನಿಮಿಷ ಮುಂದೆ, ನಾಳೆ ಮೂರು ನಿಮಿಷ ಹಿಂದೆ. ಇಷ್ಟು ಕರೆಕ್ಟಾಗಿ ಕೆಡೋ ಗಡಿಯಾರ ನಾನು ನೋಡೇ ಇಲ್ಲ ಮೇಡಂ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಓಲೆಗೆ ಹೋಯಿತು. ಅವನ ಕಣ್ಣಲ್ಲಿ ಅನುಮಾನವೇ ಇರಲಿಲ್ಲ, ಬರೀ ಅಚ್ಚರಿ. ನಿಜ ಹೇಳಿದರೆ ಇವನು ಹೋಗುತ್ತಾನೆ, ಹೇಳದಿದ್ದರೆ ಇವನ ಮುಂದೆ ಕೂರುವ ಯೋಗ್ಯತೆ ನನಗಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ.

ಶನಿವಾರ ಅವನು ಕರ್ಚೀಫು ಹಾಸುವ ಮೊದಲೇ ಹೇಳಿಬಿಟ್ಟೆ.

"ಅದು ಕೆಟ್ಟಿಲ್ಲ. ಇರೋದೇ ಹಾಗೆ. ಮಾಡಿದ್ದು ನಾನೇ."

ಅವನು ಕೈಯಲ್ಲಿದ್ದ ಕರ್ಚೀಫನ್ನು ಹಾಗೇ ಜೇಬಿಗೆ ಹಾಕಿಕೊಂಡ. "ಅಮ್ಮ ಗಡಿಯಾರನ ನಂಬಿದ್ರು. ನಾನು ನಿಮ್ಮನ್ನ," ಎಂದು ಎದ್ದು ಹೋದ.

ನಾನು ಸೀದಾ ಮಹಡಿ ಹತ್ತಿ ಮ್ಯಾನೇಜರ್ ಬಳಿ ಹೋದೆ. ಆ ಗಡಿಯಾರ ತೆಗೆಯೋಣ, ಸುಳ್ಳು ಹೇಳಿ ಮಾರುವುದು ಬೇಡ ಎಂದೆ.

"ಎಲ್ರೂ ಇದೇ ಮಾಡ್ತಾರಮ್ಮ. ನಾವೊಬ್ರೇ ಸತ್ಯಹರಿಶ್ಚಂದ್ರ ಆಗ್ಬೇಕಾ?" ಎಂದರು ಅವರು. ನನಗೆ ಕೋಪಕ್ಕಿಂತ ನಾಚಿಕೆ ಹೆಚ್ಚಾಯಿತು. ಆರು ತಿಂಗಳ ಹಿಂದೆ ಅದೇ ಮಾತನ್ನು ನಾನೇ ಆಡಿದ್ದೆ.

ಸೋಮವಾರ ಮಧ್ಯಾಹ್ನ ದೂರಿನ ಚೀಟಿಯಲ್ಲಿದ್ದ ವಿಳಾಸ ಹಿಡಿದು ಅವನ ಅಂಗಡಿ ಹುಡುಕಿಕೊಂಡು ಹೋದೆ. ಎರಡು ಮೆಟ್ಟಿಲಿನ ಪುಟ್ಟ ಅಂಗಡಿ, ಗಾಜಿನ ಮೇಜು, ಮೇಜಿನ ಹಿಂದೆ ಅವನು. ಟೈಪು ಮಾಡಿಸಿದ ಹಾಳೆಯನ್ನು ಮುಂದಿಟ್ಟೆ.

"ಗ್ರಾಹಕರ ಆಯೋಗಕ್ಕೆ. ಕೊಂಡವರು ನಿಮ್ಮಮ್ಮ, ದೂರು ಅವರು ಕೊಡ್ಬೇಕು. ಇದು ನನ್ನ ಸಾಕ್ಷಿ ಹೇಳಿಕೆ. ಆ ಗಡಿಯಾರ ಹೇಗೆ ಮಾಡಿದ್ದು, ಯಾಕೆ ಮಾಡಿದ್ದು, ಎಲ್ಲಾ ಬರೆದಿದ್ದೀನಿ."

ಅವನು ಒಂದೊಂದು ಸಾಲನ್ನೂ ಬಿಡದೆ ಓದಿದ. "ಇದು ಕೊಟ್ರೆ ನಿಮ್ಮ ಕೆಲಸ?"

"ಹೋಗಬಹುದು."

"ಮತ್ಯಾಕೆ?"

"ನೀವು ಎದ್ದು ಹೋದ್ರಲ್ಲ, ಅದನ್ನ ತಡ್ಕೊಳ್ಳೋಕಾಗ್ಲಿಲ್ಲ. ನೀವು ಕ್ಷಮಿಸದೆ ಇದ್ರೂ ಹಾಳೆ ಇರ್ಲಿ, ಅದು ನಿಜ. ನೀವಂದ್ರೆ ನನಗಿಷ್ಟ. ಅದೂ ನಿಜ."

ಅವನ ಕಿವಿಗಳು ಕೆಂಪಾದವು. ಮುಖ ಮಾತ್ರ ಹಾಳೆಯ ಕಡೆಗೇ ಇತ್ತು.

"ಇದನ್ನ ಅಮ್ಮಂಗೆ ನೀವೇ ಓದಿ ಹೇಳ್ಬೇಕು."

"ಬೈತಾರಾ?"

"ಚೆನ್ನಾಗೇ ಬೈತಾರೆ. ಆಮೇಲೆ ಕೂರಿಸ್ಕೊಂಡು ಸಂಜೆವರೆಗೂ ಬಿಡಲ್ಲ." ಹಾಳೆಯ ಕೊನೆಗೆ ಬಂದವನು ನನ್ನ ಸಹಿಯ ಕೆಳಗೆ ಬೆರಳಿಟ್ಟ. "ಕೌಂಟರಲ್ಲಿ ನಿಮ್ಮ ಬ್ಯಾಡ್ಜ್ ಮೇಲೆ ಬರೀ ನಂಬರ್ ಇತ್ತು. ಆರು ದಿನ ಬಂದೆ, ಹೆಸರು ಕೇಳೋಕೆ ಧೈರ್ಯ ಸಾಲ್ಲಿಲ್ಲ."

ಅಲ್ಲಿದ್ದ ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದ. ಆಮೇಲೆ ತಲೆಯೆತ್ತಿ, ನನ್ನನ್ನು ನೋಡುತ್ತ, ಇನ್ನೊಂದು ಸಲ ಹೇಳಿದ. ಮೊದಲನೆಯದು ಓದಿದ್ದು, ಎರಡನೆಯದು ಕರೆದದ್ದು.

"ಹಾಂ," ಎಂದೆ.