ಹನ್ನೆರಡು ತಿಂಗಳ ಚಹಾ

ಇಂಗ್ಲೆಂಡಿನ ಎಲ್ಡರ್‌ಫೋರ್ಡ್ ಕೌನ್ಸಿಲ್‌ನಲ್ಲಿ ಅಕ್ರಮ ಕಟ್ಟಡಗಳ ಮೇಲೆ ಕಣ್ಣಿಡುವುದು ಲಯನೆಲ್ ಪಿಕರಿಂಗ್‌ನ ಕೆಲಸ. ಇಷ್ಟು ವರ್ಷ ಕಂಡವರ ಬೇಲಿ ಅಳೆದು ಬೈಸಿಕೊಂಡಿದ್ದೇ ಬಂತು, ಬಡ್ತಿಯೆಲ್ಲ ನಿನ್ನೆ ಮೊನ್ನೆ ಸೇರಿದವರಿಗೆ. ಮನೆಯಲ್ಲಿ ಹೆಂಡತಿ ಮೊರೀನ್‌ಳದು ಒಂದೇ ಹಂಬಲ: ಹಿತ್ತಲಿಗೆ ಹಳೇ ಇಟ್ಟಿಗೆಯ ಗೋಡೆ, ಅದರ ಮೇಲೆ ಗುಲಾಬಿ ಬಳ್ಳಿ.

"ಒಂದು ಲಾರಿ ಹಳೇ ಇಟ್ಟಿಗೆ ಬಿದ್ದಿದೆ ಸಾರ್," ಎಂದ ಬಿಲ್ಡರ್ ಕ್ರೇಗ್ ಸ್ಟಬ್ಸ್. "ಗೋಡೆ ನಾನೇ ಎಬ್ಬಿಸಿಕೊಡ್ತೀನಿ. ನನ್ನ ಮೂರನೇ ಅಂತಸ್ತು ನಿಮ್ಮ ಕಣ್ಣಿಗೆ ಬೀಳಬಾರದು, ಅಷ್ಟೆ."

ಲಯನೆಲ್ ಬೇಡವೆನ್ನಲಿಲ್ಲ.

ಅಡ್ಡಿ ಒಬ್ಬಳೇ, ಆ ಕಟ್ಟಡದ ಪಕ್ಕದ ಮನೆಯ ಮುದುಕಿ ಆಡ್ರಿ ಹಾಲಿಂಗ್ಸ್. ಸ್ಟಬ್ಸ್‌ನ ಅಂತಸ್ತು ಅವಳ ಹಿತ್ತಲಿನ ಬಿಸಿಲು ನುಂಗಿತ್ತು, ಅವನ ಲಾರಿ ಅವಳ ಗೋಡೆ ಕೆಡವಿತ್ತು. ಬೇರೆ ಅಧಿಕಾರಿಯಾಗಿದ್ದರೆ ಅವಳನ್ನು ಗದರಿ ಕಳಿಸಿ, ಅವಳು ನೇರ ಒಂಬುಡ್ಸ್‌ಮನ್ ಹತ್ತಿರ ಓಡುವಂತೆ ಮಾಡುತ್ತಿದ್ದ. ಲಯನೆಲ್ ಅಷ್ಟು ದಡ್ಡನಲ್ಲ. ಕೌನ್ಸಿಲ್ ಮೇಲಿನ ದೂರು ಕೇಳುವ ಆ ಮಹಾಶಯನ ಕೈ ಎಲ್ಲೆಲ್ಲಿ ಕಟ್ಟಿಹಾಕಿದೆ ಅನ್ನುವುದು ಅವನಿಗೆ ಬಾಯಿಪಾಠ. ತೀರ್ಮಾನ ಸರಿಯೋ ತಪ್ಪೋ ಎಂದು ಆತ ಕೇಳುವಂತಿಲ್ಲ. ಅದಕ್ಕೆ ಬಂದ ದಾರಿ ನೆಟ್ಟಗಿತ್ತೇ ಅಂತ ಮಾತ್ರ ನೋಡಬೇಕು. ತೊಂದರೆ ಗೊತ್ತಾಗಿ ಹನ್ನೆರಡು ತಿಂಗಳು ಕಳೆದರೆ ಸಾಮಾನ್ಯವಾಗಿ ಅದನ್ನೂ ನೋಡುವುದಿಲ್ಲ. ಅಂದರೆ ಕಡತ ಚೊಕ್ಕಟವಾಗಿರಬೇಕು, ಮುದುಕಿ ಒಂದು ವರ್ಷ ಸುಮ್ಮನಿರಬೇಕು.

ಹಾಗಾಗಿ ಅವನು ಚಹಾಕ್ಕೆ ಹೋಗತೊಡಗಿದ. ತಿಂಗಳಿಗೊಮ್ಮೆ, ಟೇಪು ಹಿಡಿದು, ಮುಖದಲ್ಲಿ ಮರುಕ ತುಂಬಿಕೊಂಡು.

"ಇನ್ನೊಂದು ಸಲ ಅಳೀಬೇಕು ಮಿಸೆಸ್ ಹಾಲಿಂಗ್ಸ್. ಅವಸರ ಮಾಡಿದ್ರೆ ಕೇಸು ಬಿದ್ದುಹೋಗುತ್ತೆ."

"ನೀನೊಬ್ಬ ಇದ್ದೀಯಲ್ಲಪ್ಪ, ಅದೇ ಧೈರ್ಯ. ಇನ್ನೊಂದು ಚೂರು ಕೇಕ್ ತಗೋ. ಬಿಸಿಲು ಹೋದ್ರೆ ಹೋಗ್ಲಿ, ಆ ಗೋಡೆ ಕಣೋ ನನ್ನ ಹೊಟ್ಟೆ ಉರಿಸೋದು. ಹಸಿ ಇಟ್ಟಿಗೆ ಮೇಲೆ ಯಾವ ಕಾಲದಲ್ಲೋ ಒಂದು ಬೆಕ್ಕು ನಡೆದುಹೋಗಿತ್ತು. ಮೂರೇ ಬೆರಳಿನ ಕಳ್ಳ ಬೆಕ್ಕು! ನಮ್ಮ ಯಜಮಾನ್ರು ವಿಲ್ಫ್ ದಿನಾ ಬೆಳಿಗ್ಗೆ ಆ ಹೆಜ್ಜೆ ಗುರುತು ಮುಟ್ಟಿ 'ಏನೋ ಕುಂಟ' ಅಂತಿದ್ರು. ಎಲ್ಲಿ ಹೋಯ್ತೋ."

"ರಸ್ತೆ ಗುಂಡಿಗೆ ಸುರಿದಿರ್ತಾರೆ ಬಿಡಿ," ಎಂದ ಲಯನೆಲ್. ಅವನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು, ಮೇಜಿನಡಿ ಕಾಲು ಕುಣಿಯುತ್ತಿತ್ತು. ಆ ವರ್ಷವಿಡೀ ಕಾಲು ನಿಲ್ಲಲಿಲ್ಲ. ಅಂಚೆಯವ ಬಂದರೆ ಕಾಗದ ಯಾರದೆಂದು ಕತ್ತು ಚಾಚುತ್ತಿದ್ದ, ಮುದುಕಿ ಸಕ್ಕರೆಗೆಂದು ಎದ್ದರೂ ಫೋನಿಗೆ ಹೊರಟಳೇನೋ ಅನ್ನಿಸುತ್ತಿತ್ತು.

ವರ್ಷ ತುಂಬಿತು. 'ಕ್ರಮ ಕೈಗೊಳ್ಳುವಷ್ಟು ಗಂಭೀರವಲ್ಲ' ಎಂದು ಬರೆದು ಕಡತ ಮುಚ್ಚಿದ. ಮುದುಕಿ ಕೊನೆಗೂ ಒಂಬುಡ್ಸ್‌ಮನ್‌ಗೆ ಬರೆದಳು. ತಡವಾಯಿತು, ವಿಚಾರಿಸಲಾಗದು ಎಂದು ಉತ್ತರ ಬಂತು. ಲಯನೆಲ್ ಅಂದು ಎರಡು ಗ್ಲಾಸು ಬಿಯರ್ ಕುಡಿದ. ಕಾಲು ಮಾತ್ರ ಇನ್ನೂ ಕುಣಿಯುತ್ತಲೇ ಇತ್ತು.

ಜೂನ್ ಬಂತು. ಊರಿನವರು ತಂತಮ್ಮ ತೋಟ ತೆರೆದಿಟ್ಟು ಎಲ್ಲರನ್ನೂ ಕರೆಯುವ ಭಾನುವಾರ. ಮೊರೀನ್ ಅವನನ್ನು ಒಂದು ಮಾತೂ ಕೇಳದೆ ಹೆಸರು ಕೊಟ್ಟುಬಿಟ್ಟಿದ್ದಳು. "ಇಷ್ಟು ಚೆಂದದ ಗೋಡೆ ಮುಚ್ಚಿಡೋಕೆ ಕಟ್ಟಿಸಿದ್ದಾ? ಹೋಗಿ ಕೇಕ್ ಹಂಚು!" ತಟ್ಟೆ ಹಿಡಿದು ಹಿತ್ತಲಿಗೆ ಬಂದವನಿಗೆ ಚರ್ಚಿನ ವ್ಯಾನಿನಲ್ಲಿ ಬಂದಿಳಿದ ಆಡ್ರಿ ಕಂಡಳು. ಅವಳು ಗುಲಾಬಿ ನೋಡುತ್ತಿರಲಿಲ್ಲ.

"ಆ ಒಂಬುಡ್ಸ್‌ಮನ್ ಆಫೀಸಿನ ಹುಡುಗಿ ತುಂಬ ಒಳ್ಳೆಯವಳಪ್ಪ," ಎಂದಳು, ತಿರುಗದೆ. "'ನಮ್ಮ ಕೈಲಿ ಆಗಲ್ಲ ಅಜ್ಜಿ, ಆದ್ರೆ ಇಟ್ಟಿಗೆ ಕದ್ದಿದ್ರೆ ಅದು ಪೊಲೀಸ್ ಕೆಲಸ, ಅವರಿಗೆ ಹನ್ನೆರಡು ತಿಂಗಳ ಲೆಕ್ಕ ಇಲ್ಲ' ಅಂದ್ಲು. ಇಟ್ಟಿಗೆ ಎಲ್ಲಿದೆ ಅಂತ ನಾನು ಎಲ್ಲಿ ಹುಡುಕ್ಲಿ, ಅಂದೆ." ಲಯನೆಲ್‌ನ ಕಾಲಿನ ಕುಣಿತ ಒಂದು ವರ್ಷದಲ್ಲಿ ಮೊದಲ ಸಲ ನಿಂತುಹೋಯಿತು. ಬಳ್ಳಿ ಸರಿಸಿದ ಅವಳ ಸುಕ್ಕುಗಟ್ಟಿದ ಬೆರಳುಗಳು, ಎದೆಯೆತ್ತರದ ಒಂದು ಇಟ್ಟಿಗೆಯ ಮೂರು ಪುಟ್ಟ ಗುಳಿಗಳಲ್ಲಿ ಸರಿಯಾಗಿ ಕೂತಿದ್ದವು. "ಏನೋ ಕುಂಟ," ಎಂದಳು ಆಡ್ರಿ.