ಎಡಹಗ್ಗದ ಬೀರು

ಈ ಕತೆ ಹೇಳುವ ಅಧಿಕಾರ ನನಗಿದೆಯೇ ಎಂದು ಬಹಳ ದಿನ ಯೋಚಿಸಿದ್ದೇನೆ. ಇದು ನನ್ನ ಮನೆಯಲ್ಲಿ ನಡೆದದ್ದಲ್ಲ. ಅದೇ ಓಣಿಯಲ್ಲಿ ನಾಲ್ಕು ಮನೆ ಕೆಳಗೆ ನಾನಿದ್ದೆ, ಅಷ್ಟೆ. ಕಂಡದ್ದು ಸ್ವಲ್ಪ, ಕೇಳಿದ್ದೇ ಹೆಚ್ಚು. ಎಲ್ಲಾದರೂ ತಪ್ಪಿದ್ದರೆ ಆ ತಾಯಿಯೂ ಮಗಳೂ ನನ್ನನ್ನು ಕ್ಷಮಿಸಬೇಕು.

"ಮುಟ್ಟಬೇಡ ಕಣೇ ಅದನ್ನ!"

ನಮ್ಮ ಓಣಿಯ ಮಾಕ್‌ಸುನ್ ಅಜ್ಜಿ ಹೀಗೆ ಕೂಗಿದ್ದು ತೊಂಗ್ಯಾಂಗ್ ಬಂದರಿನ ಕಡಲಕಟ್ಟೆಯ ಮೇಲೆ. ವರ್ಷದ ಮೊದಲ ಹುಣ್ಣಿಮೆಗೆ ಇನ್ನೂ ಹತ್ತು ದಿನವಿತ್ತು. ಆ ರಾತ್ರಿ ಹಚ್ಚುವ ಬೆಂಕಿಗೆಂದು ಊರವರು ಪೈನ್ ಕೊಂಬೆ, ಬಿದಿರು, ಮನೆಯಲ್ಲಿ ಇಟ್ಟುಕೊಳ್ಳಬಾರದ ಸಾಮಾನು ಎಲ್ಲವನ್ನೂ ತಂದು ರಾಶಿ ಹಾಕುತ್ತಿದ್ದರು. ರಾಶಿಯ ಅಂಚಿನಲ್ಲಿ ಒಂದು ಹಳೆಯ ಬಟ್ಟೆಬೀರು ನಿಂತಿತ್ತು. ಕಪ್ಪು ಮೆರುಗು. ಅದರ ಮೇಲೆ ಮುತ್ತಿನ ಚಿಪ್ಪನ್ನು ಕೂದಲೆಳೆಯಷ್ಟು ಸಣ್ಣಗೆ ಕೊಯ್ದು ಕೂರಿಸಿದ ಕೊಕ್ಕರೆಗಳು, ಜಿಂಕೆಗಳು. ಎರಡು ಬಾಗಿಲನ್ನೂ ಸೇರಿಸಿ ಹುಲ್ಲುಹಗ್ಗದಿಂದ ಮೂರು ಸುತ್ತು ಬಿಗಿದಿದ್ದರು.

ಸಿಯೋಲಿನಿಂದ ಬಂದ ಇನ್‌ಗ್ಯೋ ಕೈಯಲ್ಲಿ ಆಗಲೇ ಚಾಕು ಇತ್ತು.

"ಯಾಕಜ್ಜಿ, ಕಚ್ಚತ್ತಾ?"

"ಹಗ್ಗ ನೋಡು ಸಿಯೋಲಮ್ಮಾ. ಎಡಕ್ಕೆ ಹೊಸೆದಿದಾರೆ. ಎಡಹಗ್ಗ ಬಿಗಿದದ್ದನ್ನ ಬೆಂಕಿ ಬಿಚ್ಚಬೇಕು. ಮನುಷ್ಯರಲ್ಲ."

"ಹೊಸೆದೋರು ಎಡಚರಿರ್ಬೇಕು ಬಿಡಿ."

"ನಗು, ನಗು. ಹಲ್ಲು ನಿಂದು."

 ಗಂಡನ ಬೀರು ಕಾರ್ಖಾನೆಯಲ್ಲಿ ನಲವತ್ತು ವರ್ಷ ಚಿಪ್ಪು ಕೊಯ್ದು ಅಜ್ಜಿಯ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಆ ನುಣುಪಾದ ಬೆರಳುಗಳನ್ನು ಅವಳು ಅಂಗಿಯ ತೋಳಿನೊಳಕ್ಕೆ ಎಳೆದುಕೊಂಡು ನಿಂತಳು. ಹಗ್ಗ ತುಂಡಾಗಿ ಬಿದ್ದಾಗ ಅದರಿಂದ ಒದ್ದೆ ಹುಲ್ಲಿನ ವಾಸನೆ ಬಂತು. ಆದರೆ ಹದಿನೈದು ದಿನದಿಂದ ಊರಿನಲ್ಲಿ ಮಳೆ ಬಿದ್ದಿರಲಿಲ್ಲ.

ಇನ್‌ಗ್ಯೋ ಈ ಊರಿಗೆ ಬಂದು ಎರಡು ಚಳಿಗಾಲ ಕಳೆದಿತ್ತು. ಮದುವೆ ಮುರಿದ ಮೇಲೆ ಸಿಯೋಲ್ ಬಿಟ್ಟು, ಓಣಿಯ ಮೆಟ್ಟಿಲುಗಳ ತುತ್ತತುದಿಯ ನೀಲಿ ಗೇಟಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದಳು. ಜನ ಎಸೆದ ಬೀರುಗಳನ್ನು ತಂದು ಬಿಚ್ಚುವುದು, ಬಾಗಿಲನ್ನು ಹಲಗೆ ಮಾಡುವುದು, ಡ್ರಾಯರ್‌ಗಳನ್ನು ಗೋಡೆಗೂಡು ಮಾಡುವುದು ಅವಳ ಕಸುಬು. ಕೆಲಸ ಚೆನ್ನಾಗಿತ್ತು. ಮಾತಿಗೆ ಯಾರೂ ಇರಲಿಲ್ಲ. ಎರಡು ವರ್ಷವಾದರೂ ಓಣಿಯವರಿಗೆ ಅವಳು ಸಿಯೋಲಮ್ಮನೇ. ಊಟಕ್ಕೆ ಕೂತಾಗ ರೇಡಿಯೋ ಹಾಕುತ್ತಿದ್ದಳು. ಕೇಳುವುದಕ್ಕಲ್ಲ, ಯಾರೋ ಮಾತಾಡುತ್ತಿರಲಿ ಎಂದು.

ಈಗ ಮಗಳು ದಾಮ್ ಬರುವವಳಿದ್ದಳು. ಇಪ್ಪತ್ತು ವರ್ಷದ ಹುಡುಗಿ. ಅಪ್ಪನ ಜೊತೆ ಉಳಿದವಳು, ಎರಡು ವರ್ಷ ಫೋನಿನಲ್ಲಿ ಹೂಂ, ಊಹೂಂ ಬಿಟ್ಟು ಬೇರೆ ಆಡಿರಲಿಲ್ಲ. ಹೋದ ತಿಂಗಳು ತಾನಾಗಿಯೇ ಕೇಳಿದ್ದಳು: "ಅಮ್ಮಾ, ನಾನು ಅಲ್ಲೇ ಬಂದು ಇರ್ಲಾ?" ಬಟ್ಟೆ, ಪುಸ್ತಕ, ಬೂಟುಗಳ ಪೆಟ್ಟಿಗೆಗಳು ಮೊದಲೇ ಬಂದಿದ್ದವು. ಅತಿಥಿಯ ಪಾದರಕ್ಷೆ ಬಾಗಿಲ ಬಳಿ ನೆಲದ ಮೇಲಿರುತ್ತದೆ. ಮನೆಯವರದ್ದಕ್ಕೆ ಗೂಡಿರುತ್ತದೆ. ಮಗಳ ಬೂಟು ಗೂಡಿನಲ್ಲಿರಬೇಕು ಎಂದು ಇನ್‌ಗ್ಯೋಗೆ ಆಸೆ. ಅದಕ್ಕೇ ಆ ಬೀರು.

ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಬೀರಿನ ಹಲಗೆಗಳನ್ನು ಹಿಡಿದಿದ್ದ ಮೀನಿನ ಅಂಟು ಕರಗತೊಡಗಿತು. ಮನೆ ತುಂಬ ಆ ವಾಸನೆ ಹರಡಿತು. ಬಲಬಾಗಿಲಿನ ಹಿಂದಿನ ತೆಳುಹಲಗೆ ಸೀಳಿ ಬಂದಾಗ ಒಳಗೆ ಕಾಗದ ಅಂಟಿತ್ತು. ಅಂಗಾಲಿನ ಆಕಾರಕ್ಕೆ ಕತ್ತರಿಸಿದ ಎರಡು ತುಂಡು. ಗಂಡಸಿನ ದೊಡ್ಡ ಪಾದ. ಕೆಂಪು ಮಸಿಯಲ್ಲಿ ಏನೋ ಗೀಚಿದ್ದರು. ಒಂದೊಂದು ಹಿಮ್ಮಡಿಗೂ ಒಂದೊಂದು ತುಕ್ಕು ಹಿಡಿದ ಸೂಜಿ ಚುಚ್ಚಿತ್ತು.

ಹಳೇ ಕಾಲದವರು ಸಂದು ತುಂಬಲು ಏನು ಸಿಕ್ಕಿದರೂ ತುರುಕುತ್ತಿದ್ದರು ಎಂದುಕೊಂಡಳು. ಕಿತ್ತರೆ ಆಚೆ ಬದಿಯ ಚಿಪ್ಪೂ ಎದ್ದುಬರುವ ಭಯ. ಹಾಗೇ ಬಿಟ್ಟಳು. ಆ ಬಾಗಿಲನ್ನೇ ಅಡ್ಡ ಕೊಯ್ದು, ಚಿಪ್ಪಿನ ಮುಖ ಮೇಲೆ ಬರುವಂತೆ, ಗೂಡಿನ ಕೆಳಹಲಗೆ ಮಾಡಿದಳು. ಕಾಗದ ಅಡಿಗೆ ಹೋಯಿತು. ಉಪ್ಪುಕಾಗದ ಉಜ್ಜುವಾಗ ಮರದೊಳಗೆ ಸದ್ದು. ಟಪ್. ಟಪ್. ಕೈ ನಿಲ್ಲಿಸಿದರೂ ಮತ್ತೆರಡು ಸಲ ಟಪ್, ಟಪ್. ಓಣಿಯಲ್ಲಿ ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ ಎಂದುಕೊಂಡಳು. ಬಾಗಿಲು ತೆರೆದು ನೋಡಿದಳು. ಯಾರೂ ಇರಲಿಲ್ಲ.

ಗೂಡು ಬಹಳ ಚೆಂದ ಬಂತು. ಚಿಪ್ಪಿನ ಕೊಕ್ಕರೆಗಳ ಮೇಲೆ ಮಗಳ ಬಿಳಿ ಬೂಟುಗಳನ್ನು ಜೋಡಿಸಿಟ್ಟು, ಹಿಂದೆ ಸರಿದು ನೋಡಿದಳು. ಅವತ್ತು ರೇಡಿಯೋ ಹಾಕಲಿಲ್ಲ.

ಶನಿವಾರ ಮಧ್ಯಾಹ್ನ ಎರಡಕ್ಕೆ ಫೋನು ಬಂತು.

"ಬಸ್ ಇಳಿದೆ. ಮೆಟ್ಲು ಹತ್ತಾ ಇದೀನಿ. ಅಬ್ಬಾ, ಮನೆ ಮಾಡೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಂಗೆ?"

"ಗೇಟು ಕಾಣ್ತಾ?"

"ನೀಲಿದು ತಾನೇ? ಕಾಣ್ತಿದೆ. ಇಟ್ಟೆ ಫೋನು."

ಇನ್‌ಗ್ಯೋ ಗೇಟಿನಲ್ಲಿ ನಿಂತಳು. ಒಲೆಯ ಮೇಲೆ ಕಡಲಪಾಚಿಯ ಸಾರು ಕುದಿಯುತ್ತಿತ್ತು. ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಮೆಟ್ಟಿಲು ಖಾಲಿ. ಮೂರು ಗಂಟೆಗೆ ಫೋನು ಮಾಡಿದರೆ ಮಗಳು ಏದುಸಿರು ಬಿಡುತ್ತಿದ್ದಳು.

"ಹತ್ತಾ ಇದೀನಮ್ಮಾ... ಎಷ್ಟು ಮೆಟ್ಲಿದೆ ಇದು?"

"ಅಜ್ಜಿ ಮನೆಯಿಂದ ನಲವತ್ತೊಂದು. ಎಲ್ಲಿದೀಯಾ ನೀನು?"

"ಕೆಂಪು ಮೆಣಸಿನಕಾಯಿ ಒಣಗಿಹಾಕಿರೋ ಮನೆ... ಅಮ್ಮಾ, ಈ ಮನೆ ಆಗ್ಲೇ ದಾಟಿದ್ದೆ."

ಇನ್‌ಗ್ಯೋ ಓಡಿ ಇಳಿದಳು. ಮೆಣಸಿನಕಾಯಿ ಒಣಗುತ್ತಿದ್ದ ಮನೆ ಅಜ್ಜಿಯದೇ. ಮುಂದೆ ಯಾರೂ ಇಲ್ಲ. ಕಿವಿಯಲ್ಲಿ ಮಗಳ ಉಸಿರು. ಬಂದರಿನಲ್ಲಿ ದೋಣಿಯೊಂದು ಕೂಗಿತು. ಅದೇ ಕೂಗು, ಅದೇ ಗಳಿಗೆ, ಫೋನಿನೊಳಗಿಂದಲೂ ಕೇಳಿತು.

"ದಾಮ್, ನಾನು ಅಲ್ಲೇ ನಿಂತಿದೀನಿ!"

"ಇಲ್ಲಿ ಯಾರೂ ಇಲ್ಲಮ್ಮಾ." ಹುಡುಗಿ ಅಳತೊಡಗಿದ್ದಳು. "ಕೆಳಗಿಳಿಯೋಣ ಅಂದ್ರೂ ಕಾಲು ಮೇಲಕ್ಕೇ ಹೋಗ್ತಿದೆ."

ಅಜ್ಜಿ ಬಾಗಿಲು ತೆರೆದು ಇನ್‌ಗ್ಯೋಳ ಮುಖ ನೋಡಿದಳು. ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ಕೇಳಿದಳು.

"ಏನ್ ಮಾಡಿದೆ ಆ ಬೀರುನ?"

"ಚಪ್ಪಲಿ ಗೂಡು."

ಅಜ್ಜಿ ಬಾಗಿಲಚೌಕಟ್ಟು ಹಿಡಿದುಕೊಂಡಳು. "ಅಯ್ಯೋ ಪುಣ್ಯಾತ್ಗಿತ್ತಿ. ಎಲ್ಲಾ ಬಿಟ್ಟು ಚಪ್ಪಲಿ ಗೂಡು!"

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಆ ಬೀರಿನ ಒಡತಿಯ ಗಂಡ ದೋಣಿಯವನು. ಆಚೆ ಊರಿನಲ್ಲಿ ಇನ್ನೊಂದು ಮನೆ ಮಾಡಿದ್ದ. ಅವನು ಆ ಮನೆ ಸೇರದಿರಲಿ ಎಂದು ಹೆಂಡತಿ ಮಾಟ ಮಾಡಿಸಿದಳು. ಅವನ ಅಂಗಾಲಿನ ಅಳತೆ ತೆಗೆಸಿ, ಸೂಜಿ ಚುಚ್ಚಿ, ಬೀರಿನ ಬಾಗಿಲೊಳಗೆ ಕೂರಿಸಿದಳು.

"ಮಾಟಕ್ಕೆ ಆ ಮನೆ ಈ ಮನೆ ಅಂತ ಗೊತ್ತಾಗತ್ತೇನೇ? ಮನೆ ಸೇರಬಾರದು ಅಂದ್ರೆ ಸೇರಬಾರದು, ಅಷ್ಟೇ ಅದಕ್ಕೆ. ದೋಣಿ ಇಳಿದದ್ದು ಕಂಡೋರಿದಾರೆ. ಮೆಟ್ಲು ಹತ್ತಿದ್ದನ್ನ ನಾನೇ ಕಂಡೆ. ಮನೆ ಮಾತ್ರ ಸೇರಲಿಲ್ಲ, ಮೂವತ್ತು ವರ್ಷ ಆಯ್ತು. ಹೋದ ತಿಂಗಳು ಆಕೆ ಸಾಯೋವರೆಗೂ ಬಾಗಿಲಿಗೆ ಅಗುಳಿ ಹಾಕಲಿಲ್ಲ."

"ಅವತ್ತೇ ಹೇಳಬಾರ್ದಾಗಿತ್ತಾ ಇದನ್ನ?"

"ಹೇಳಿದ್ರೆ ನಂಬ್ತಿದ್ಯಾ?"

ಇನ್‌ಗ್ಯೋ ಮನೆಯ ಕಡೆ ತಿರುಗಿದಳು. "ಈಗಲೇ ಸುಟ್ಟುಬಿಡ್ತೀನಿ."

"ಸುಟ್ಟೀಯೆ!" ಅಜ್ಜಿ ಅವಳ ಮಣಿಕಟ್ಟು ಹಿಡಿದಳು. "ಆವಾಗ ಅದು ಬರೀ ಕಾಗದ. ಈಗ ಜೀವ ಇರೋ ಕಾಲು ಸಿಕ್ಕಿಕೊಂಡಿದೆ. ಬೆಂಕಿಗೆ ಮರ ಯಾವುದು, ಕಾಲು ಯಾವುದು ಅಂತ ಗೊತ್ತಿರತ್ತಾ?"

"ಮತ್ತೇನು ಮಾಡ್ಲಿ?"

ಅಜ್ಜಿ ಓಣಿಯ ಅತ್ತಿತ್ತ ನೋಡಿದಳು. "ಕಾಲಿಗೆ ಕಾಲು ಕೊಟ್ರೆ ಬಿಡತ್ತಂತೆ. ಅಂತ ಕೇಳಿದೀನಿ ಅಷ್ಟೆ. ನಾನು ಹೇಳಿದೆ ಅನ್ಬೇಡ."

ಮನೆಯಲ್ಲಿ ಸಾರು ಬತ್ತಿ ಕರಕಾಗಿತ್ತು. ಹೊರಗೆ ಹೊತ್ತು ಮುಳುಗುತ್ತಿತ್ತು. ಇನ್‌ಗ್ಯೋ ಗೂಡಿನ ಮುಂದೆ ಮಂಡಿಯೂರಿದಳು. ಒಳಗೆ ಕತ್ತಲೆ. ಆ ಕತ್ತಲೆಯಿಂದ ಬೆವರಿನ ವಾಸನೆ ಬಂತು. ಕೈ ಹಾಕಿದಳು. ಪೆಟ್ಟಿಗೆಯಲ್ಲಿ ಬಂದ ಮೇಲೆ ಯಾರೂ ಮೆಟ್ಟದ ಬಿಳಿ ಬೂಟುಗಳು ಒದ್ದೆಯಾಗಿದ್ದವು. ಬೆಚ್ಚಗಿದ್ದವು. ಎಳೆದಳು. ಬರಲಿಲ್ಲ. ತುಕ್ಕು ಹಿಡಿದ ಎರಡು ಮೊನೆಗಳು ಹಲಗೆಯನ್ನು ತೂರಿ, ಕೊಕ್ಕರೆಯ ಕೊರಳನ್ನು ತೂರಿ, ಬೂಟಿನ ಹಿಮ್ಮಡಿಯೊಳಕ್ಕೆ ಇಳಿದಿದ್ದವು. ಗೂಡು ಮಗುಚಿ ಅಡಿಯಿಂದ ಇಕ್ಕುಳ ಹಾಕಿದಳು. ಸೂಜಿ ಕದಲಲಿಲ್ಲ.

ಫೋನಿನಲ್ಲಿ ಈಗ ಮಾತಿರಲಿಲ್ಲ. ಉಸಿರು ಮಾತ್ರ. ಅದೂ ಸಣ್ಣಗಾಗುತ್ತಿತ್ತು.

ಬಿಳಿ ಕಾಗದ ಹಾಸಿದಳು. ಅದರ ಮೇಲೆ ನಿಂತಳು. ಬಡಗಿಯ ಪೆನ್ಸಿಲಿನಿಂದ ತನ್ನ ಅಂಗಾಲಿನ ಸುತ್ತ ಗೆರೆ ಎಳೆದಳು. ಎಡ. ಬಲ.  ಕತ್ತರಿಸಿ ಹಳೆಯ ಕಾಗದದ ಮೇಲಿಟ್ಟು ಹೇಳಿದಳು: "ನನ್ನದು ತಗೋ."

ಸೂಜಿ ಬೆಣ್ಣೆಯಿಂದ ಬಂದಂತೆ ಬಂತು. ಅವಳು ಚುಚ್ಚುವ ಮೊದಲೇ ತಾನಾಗಿ ಹೊಸ ಕಾಗದದೊಳಕ್ಕೆ ಇಳಿಯಿತು. ಒಂದು. ಇನ್ನೊಂದು. ಬೂಟುಗಳು ಉರುಳಿ ನೆಲಕ್ಕೆ ಬಿದ್ದವು.

ಗೇಟು ಕಿರುಗುಟ್ಟಿತು.

ದಾಮ್ ನಿಂತಿದ್ದಳು. ಬೆಳಿಗ್ಗೆ ಹಾಕಿಕೊಂಡ ಹೊಸ ಬೂಟಿನ ತಳ ಸವೆದು ಕಾಲುಚೀಲ ನೆಲಕ್ಕೆ ತಾಗುತ್ತಿತ್ತು. ತಾಯಿಯ ಹೆಗಲಿಗೆ ಬಿದ್ದು ಹಾಗೇ ನಿದ್ದೆಹೋದಳು.

ಆಮೇಲಿನದು ಐದು ದಿನ. ಮಗಳು ಅಡುಗೆಮನೆಯಲ್ಲಿ ಹಾಡಿಕೊಂಡಳು, ಅಮ್ಮನ ಸ್ವೆಟರ್ ಹಾಕಿಕೊಂಡಳು, ಸಾರಿಗೆ ಉಪ್ಪು ಹೆಚ್ಚೆಂದು ಜಗಳವಾಡಿದಳು. ಮೆಟ್ಟಿಲಿನ ವಿಷಯ ಎತ್ತಿದರೆ ತಾಯಿ ಮಾತು ಮರೆಸುತ್ತಿದ್ದಳು. ಓಣಿಯಲ್ಲಿ ಅವರ ನಗು ಕೇಳುತ್ತಿತ್ತು. ಇನ್‌ಗ್ಯೋ ಗೇಟು ದಾಟಲಿಲ್ಲ.

"ಏನಮ್ಮಾ ನೀನು, ಕಾವಿಗೆ ಕೂತ ಕೋಳಿ ಹಾಗೆ ಕೂತಿದೀಯ. ಪೇಟೆಗೆ ಬಾ ಅಂದ್ರೆ ಬರಲ್ಲ."

"ಚಳಿ ಕಣೇ. ನೀನೇ ಹೋಗ್ಬಾ."

ಆರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ದಾಮ್ ತೋಫು ತರಲು ಇಳಿದಳು. ಸ್ವಲ್ಪ ಹೊತ್ತಿಗೆ ಏನೋ ಉರುಳಿದ ಸದ್ದು. ಆಮೇಲೆ ಕೂಗು. "ಅಮ್ಮಾ!"

ಆ ಕೂಗು ನನಗೂ ಕೇಳಿತ್ತು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಇನ್‌ಗ್ಯೋ ಬರಿಯ ಕಾಲುಚೀಲದಲ್ಲಿ ನನ್ನ ಮನೆ ದಾಟಿ ಇಳಿದಾಗಿತ್ತು. ಗೇಟು ದಾಟಿದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಹುಡುಗಿಯ ಪಾದ ಓರೆಯಾಗಿ ತಿರುಚಿತ್ತು. ತಾಯಿ ಬೆನ್ನು ಕೊಟ್ಟಳು. ಮಗುವನ್ನು ಹೊರುವ ಹಾಗೆ ಹೊತ್ತಳು. ನಾನು ನೆರವಿಗೆ ಬರಲೇ ಎಂದೆ. ಬೇಡ ಎಂದು ತಲೆಯಾಡಿಸಿ ಮೇಲೆ ಹೋದಳು. ಹಿಂದೆಯೇ ಹೋಗಬೇಕಿತ್ತು. ಹೋಗಲಿಲ್ಲ.

ಅಜ್ಜಿಯ ಮನೆ ದಾಟಿದ ಮೇಲೆ ಎಣಿಸುತ್ತಿದ್ದಳಂತೆ. ಇಪ್ಪತ್ತು. ನಲವತ್ತು. ನಲವತ್ತೊಂದು. ಅರವತ್ತು. ಎಣಿಕೆ ನಿಂತಿತು. ಬೆನ್ನು ಬೆವರಿತು.

"ಯಾಕಮ್ಮಾ, ನಿಂತಲ್ಲೇ ಕಾಲು ಬಡೀತಿದೀಯ?" ದಾಮ್ ಕೇಳಿದಳು. "ಗೇಟು ಇಲ್ಲೇ ಇದೆಯಲ್ಲ. ಕೈ ಚಾಚಿದ್ರೆ ಸಿಗತ್ತೆ."

"ನಿಂಗೆ ಸಿಗತ್ತಾ?"

"ಇದೋ, ಹಿಡ್ಕೊಂಡೆ."

ತಾಯಿ ಸ್ವಲ್ಪ ಹೊತ್ತು ಹಾಗೇ ನಿಂತಳಂತೆ. ಮಗಳ ಕೆನ್ನೆ ಅವಳ ಕತ್ತಿಗೆ ಒರಗಿತ್ತು. ಆಮೇಲೆ ಮೆಲ್ಲಗೆ ಕುಳಿತಳು.

"ಇಳಿ ಮಗಳೇ. ಗೇಟು ಬಿಡಬೇಡ. ಕುಂಟಿಕೊಂಡು ಒಳಗೆ ಹೋಗು."

"ನೀನು?"

"ಹಿಂದೇನೇ ಬಂದೆ."

ದಾಮ್ ಒಂಟಿಗಾಲಿನಲ್ಲಿ ಗೇಟು ದಾಟಿದಳು. ತಿರುಗಿದಳು. ಮೆಟ್ಟಿಲು ಖಾಲಿ. ಚಳಿಯಲ್ಲಿ ಯಾರೋ ಬಿಟ್ಟ ಉಸಿರಿನ ಬಿಳಿ ಹಬೆ ಮಾತ್ರ ಗಾಳಿಯಲ್ಲಿತ್ತು. ಅದೂ ಕರಗಿತು.

ಮಾಕ್‌ಸುನ್ ಅಜ್ಜಿ ಅವಳನ್ನು ಮೂರು ಸಲ ಕಂಡೆ ಎನ್ನುತ್ತಾಳೆ. ಮೂರು ಸಲವೂ ಮೇಲಕ್ಕೆ ಹತ್ತುತ್ತಿದ್ದಳಂತೆ, ಇಳಿದದ್ದನ್ನು ಒಮ್ಮೆಯೂ ಕಂಡಿಲ್ಲ. ಕೂಗಿದರೆ ತಿರುಗದೆ ಹೇಳುತ್ತಾಳಂತೆ: "ಬಂದೇಬಿಟ್ಟೆ ಅಜ್ಜಿ, ಮನೆ ಸೇರಿ ಮಾತಾಡ್ತೀನಿ." ಎಲ್ಲವನ್ನೂ ಅಜ್ಜಿಯಿಂದ ಕೇಳಿ ತಿಳಿದ ದಾಮ್ ತನ್ನ ಅಂಗಾಲನ್ನೂ ಬರೆದು ಆ ಹಲಗೆಯ ಮೇಲಿಟ್ಟು ನೋಡಿದಳು. ಸೂಜಿ ಅಲುಗಲಿಲ್ಲ. ಮನಸಾರೆ ಕೊಟ್ಟದ್ದನ್ನು ಅದು ಹಿಂದಕ್ಕೆ ಕೊಡುವುದಿಲ್ಲವೇನೋ. ಅಥವಾ ತಾಯಿಯೇ ಬಿಡುತ್ತಿಲ್ಲವೋ.

ದಾಮ್ ಆ ಮನೆಯಲ್ಲೇ ಇದ್ದಾಳೆ, ಒಬ್ಬಳೇ. ನಾನು ಕೆಲವು ಸಂಜೆ ಗಂಜಿ ಕೊಟ್ಟು ಬರುತ್ತೇನೆ. ಇನ್‌ಗ್ಯೋಳನ್ನು ನಾನು ಮತ್ತೆ ಕಂಡಿಲ್ಲ. ಅವಳಿಗೆ ಹಸಿವಾಗುತ್ತದೆಯೋ, ಕಾಲು ನೋಯುತ್ತದೆಯೋ, ಎದುರಿಗಿರುವ ಗೇಟಿನೊಳಗೆ ಮಗಳು ಓಡಾಡುವುದು ಕಾಣುತ್ತದೆಯೋ, ನನಗೆ ಗೊತ್ತಿಲ್ಲ.